ಎಣಿಸಿದವರು ಯಾರು, ಕಾಗದ ತಂದವರು ಯಾರು

ಆಡಿಟರು ಗೋದಾಮಿಗೆ ಬಂದು ಮೂಟೆ ಎಣಿಸುವುದು ರಾಜರ ಕಾಲದಿಂದ ನಡೆದು ಬಂದದ್ದು ಎಂದೇ ನನ್ನ ಕಕ್ಷಿದಾರರಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಅದು ನಿಯಮವಾಗಿ ಇನ್ನೂ ನೂರು ವರ್ಷ ತುಂಬಿಲ್ಲ. ಅದಕ್ಕೂ ಮೊದಲು ನಮ್ಮ ವೃತ್ತಿಯವರು ಸಾಮಾನ್ಯವಾಗಿ ಲೆಡ್ಜರಿಗೂ ವೋಚರಿಗೂ ತಾಳೆ ನೋಡಿ, ದಾಸ್ತಾನು ಪಟ್ಟಿಯ ಕೆಳಗೆ ಮ್ಯಾನೇಜರ ರುಜು ಇದೆಯೇ ಎಂದು ನೋಡಿ ಸಹಿ ಹಾಕುತ್ತಿದ್ದರು. ಸರಕು ನಿಜಕ್ಕೂ ಇದೆಯೇ ಎಂಬುದು ಅವರ ತಲೆನೋವಾಗಿರಲಿಲ್ಲ.

ಆ ತಲೆನೋವು ಬೇಡವೆಂದು ನ್ಯಾಯಾಲಯವೇ ಹೇಳಿತ್ತು. 1896ರ ಇಂಗ್ಲೆಂಡಿನ ಕಿಂಗ್‌ಸ್ಟನ್ ಕಾಟನ್ ಮಿಲ್ ಮೊಕದ್ದಮೆ ಅದು. ಮಿಲ್ಲಿನ ಮ್ಯಾನೇಜರು ವರ್ಷ ವರ್ಷವೂ ಹತ್ತಿ, ನೂಲಿನ ದಾಸ್ತಾನನ್ನು ಉಬ್ಬಿಸಿ ಬರೆದು ಇಲ್ಲದ ಲಾಭ ತೋರಿಸಿದ್ದ. ಗುಟ್ಟು ರಟ್ಟಾದಾಗ ಅದು ಆಡಿಟರ ಕುತ್ತಿಗೆಗೆ ಬಂತು. ಲೆಕ್ಕಪರಿಶೋಧಕ ಕಾವಲುನಾಯಿ, ಬೇಟೆನಾಯಿಯಲ್ಲ. ನಂಬಿಕಸ್ಥ ಅಧಿಕಾರಿ ಕೊಟ್ಟ ಪಟ್ಟಿಯನ್ನು ನಂಬಿದರೆ ಅವನ ತಪ್ಪಲ್ಲ ಎಂದು ತೀರ್ಪಾಯಿತು. ನಾನು ದಾವಣಗೆರೆಯಲ್ಲಿ ಆರ್ಟಿಕಲ್ಸ್ ಮಾಡುವಾಗ ಈ ಮಾತನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ನಮ್ಮ ಹಿರಿಯರು ನಕ್ಕು ಹೇಳುತ್ತಿದ್ದರು: "ನಾಯಿ ಯಾವುದಾದರೂ ಆಗಲಿ, ಗೋದಾಮಿನ ತನಕ ನಡೀಬೇಕು ಕಣಪ್ಪ."

ಅಷ್ಟು ದೂರ ನಡೆಯದೇ ಹೋದರೆ ಏನಾಗುತ್ತದೆಂದು ತೋರಿಸಿದ್ದು ಅಮೆರಿಕದ ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧಿ ಕಂಪನಿ. 1833ರಷ್ಟು ಹಿಂದಿನ ಹೆಸರುವಾಸಿ ಮನೆತನ ಅದು. 1926ರಲ್ಲಿ ಅದನ್ನು ಕೊಂಡವನು ಎಫ್. ಡೊನಾಲ್ಡ್ ಕಾಸ್ಟರ್. ಗಣ್ಯರ ಪರಿಚಯಕೋಶದಲ್ಲಿ ಅವನ ಹೆಸರಿನ ಮುಂದೆ ಹೈಡಲ್‌ಬರ್ಗಿನ ಡಾಕ್ಟರೇಟ್ ಬೇರೆ. ಅಸಲಿಗೆ ಅವನು ಫಿಲಿಪ್ ಮ್ಯೂಸಿಕಾ. ಚೀಸ್ ಆಮದಿನಲ್ಲಿ ತೂಕ ಕಡಿಮೆ ಬರೆಸಲು ಸುಂಕದವರಿಗೆ ಲಂಚ ಕೊಟ್ಟು ಒಮ್ಮೆ ಜೈಲು ಕಂಡವನು. ಆಮೇಲೆ ಮನುಷ್ಯರ ಕೂದಲಿನ ವ್ಯಾಪಾರ ಹಿಡಿದು, ಕಸಗೂದಲು ತುಂಬಿದ ಪೆಟ್ಟಿಗೆಗಳನ್ನು ಬೆಲೆಬಾಳುವ ಸರಕೆಂದು ಕಾಗದದಲ್ಲಿ ತೋರಿಸಿ, ಬ್ಯಾಂಕುಗಳಿಂದ ಸಾಲ ಎತ್ತಿ, 1913ರಲ್ಲಿ ಮತ್ತೆ ಸಿಕ್ಕಿಬಿದ್ದವನು.

ಹೊಸ ಹೆಸರಿನಲ್ಲಿ ಅವನು ಕೈಹಾಕಿದ್ದೂ ಅದೇ ವಿದ್ಯೆಗೆ. ಕಂಪನಿಯ ಕಚ್ಚಾ ಔಷಧಿ ವಿಭಾಗವನ್ನು ತನ್ನ ಕೈಯಲ್ಲೇ ಇಟ್ಟುಕೊಂಡ. ಅವನ ತಮ್ಮಂದಿರೇ ಬೇರೆ ಬೇರೆ ಹೆಸರು ಹೊತ್ತು ಜೊತೆಗಿದ್ದರು. ಕೆನಡಾದ ಗೋದಾಮುಗಳಲ್ಲಿ ಸರಕು ಇದೆ, ಡಬ್ಲ್ಯು. ಡಬ್ಲ್ಯು. ಸ್ಮಿತ್ ಎಂಬ ದಲ್ಲಾಳಿ ಸಂಸ್ಥೆ ಅದನ್ನು ಪರದೇಶಗಳಿಗೆ ಮಾರುತ್ತದೆ ಎಂದು ದಾಖಲೆ. ಸ್ಮಿತ್ ಎಂದರೆ ತಮ್ಮನೊಬ್ಬ ನಡೆಸುತ್ತಿದ್ದ ಸಣ್ಣ ಕಚೇರಿ, ಅಷ್ಟೇ. ಬಿಲ್ಲು, ರಸೀದಿ, ಗೋದಾಮಿನ ಖಾತ್ರಿಪತ್ರಗಳೆಲ್ಲ ಅಲ್ಲೇ ಹುಟ್ಟುತ್ತಿದ್ದವು. ಆಡಿಟರಾದ ಪ್ರೈಸ್ ವಾಟರ್‌ಹೌಸ್‌ನವರು ಕೇಳಿದ ಕಾಗದವೆಲ್ಲ ಸಿಕ್ಕಿತು. ಒಂದಕ್ಕೊಂದು ತಾಳೆಯೂ ಆಯಿತು. ಆಗದೆ ಏನು? ಎಲ್ಲವನ್ನೂ ಬರೆದದ್ದು ಒಂದೇ ಮನೆಯವರು!

ಇದನ್ನು ಬಯಲಿಗೆ ಎಳೆದವರು ಆಡಿಟರಲ್ಲ, ಕಂಪನಿಯ ಖಜಾಂಚಿ ಜೂಲಿಯನ್ ಥಾಂಪ್ಸನ್. ಅವರಿಗೆ ಬಂದದ್ದು ಕಿರಾಣಿ ಅಂಗಡಿಯವನಿಗೂ ಬರಬಹುದಾದ ಅನುಮಾನ: ಎಲ್ಲಕ್ಕಿಂತ ಹೆಚ್ಚು ಲಾಭ ತೋರಿಸುವ ವಿಭಾಗದಿಂದ ನಗದು ಯಾಕೆ ಬರುವುದಿಲ್ಲ? ಲಾಭವೆಲ್ಲ ಮತ್ತೆ ಸರಕಾಗುತ್ತದೆ. ದಾಸ್ತಾನು ಇಳಿಸಿ ಎಂದು ನಿರ್ದೇಶಕರು ಹೇಳಿದರೆ ಏರುತ್ತದೆ. ಅಷ್ಟು ಸರಕಿಗೆ ತಕ್ಕ ವಿಮೆಯೂ ಇಲ್ಲ. ಸ್ಮಿತ್ ಸಂಸ್ಥೆಯ ಬಗ್ಗೆ, ವ್ಯಾಪಾರಿಗಳ ಸಾಲಯೋಗ್ಯತೆ ಅಳೆಯುವ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಕೊಟ್ಟಿದೆಯೆಂಬ ವರದಿಗಳು ಕಡತದಲ್ಲಿದ್ದವು. ಥಾಂಪ್ಸನ್ ನೇರವಾಗಿ ಅವರನ್ನೇ ಕೇಳಿದರು. ಇವು ನಮ್ಮವಲ್ಲ ಎಂದರು ಅವರು. 1938ರ ಡಿಸೆಂಬರಿನಲ್ಲಿ ಬೆರಳಚ್ಚು ಕಾಸ್ಟರನ ಹಳೆಯ ಹೆಸರು ಹೇಳಿತು. 16ರಂದು ಪೊಲೀಸರು ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅವನು ಗುಂಡು ಹಾರಿಸಿಕೊಂಡಿದ್ದ. ಕಂಪನಿ ತೋರಿಸಿದ್ದ ಸುಮಾರು 8.7 ಕೋಟಿ ಡಾಲರ್ ಆಸ್ತಿಯಲ್ಲಿ ಸುಮಾರು 1.9 ಕೋಟಿ ಬರೀ ಕಾಗದ ಎಂದು ತಿಳಿಯಿತು. ಮರುವರ್ಷ, 1939ರಲ್ಲಿ, ಅಮೆರಿಕದ ಲೆಕ್ಕಿಗರ ಸಂಸ್ಥೆ ಎರಡು ನಿಯಮ ತಂದಿತು. ದಾಸ್ತಾನು ಎಣಿಸುವಾಗ ಆಡಿಟರು ಹಾಜರಿರಬೇಕು. ಬಾಕಿದಾರರನ್ನು ನೇರವಾಗಿ ಕೇಳಬೇಕು. ಮಾರ್ಚ್ ಕೊನೆಯ ಬಿಸಿಲಲ್ಲಿ ನಾನು ಹತ್ತಿ ಅಂಡಿಗೆಗಳ ಮೇಲೆ ಹತ್ತಿ ನಿಂತದ್ದು ಮ್ಯೂಸಿಕಾ ದಯೆಯಿಂದ.

ನಿಯಮ ಬಂದ ಮೇಲೆ ಕಳ್ಳರು ಸುಮ್ಮನಾದರೇ? 1963ರಲ್ಲಿ ನ್ಯೂಜೆರ್ಸಿಯ ಬೇಯಾನ್‌ನಲ್ಲಿ ಟೀನೋ ಡಿ ಆಂಜೆಲಿಸ್ ಎಂಬವನ ಅಡುಗೆ ಎಣ್ಣೆಯ ಟ್ಯಾಂಕುಗಳನ್ನು ಅಳೆಯಲು ಜನ ಹೋಗಿಯೇ ಹೋದರು. ಅಳತೆಪಟ್ಟಿ ಇಳಿಬಿಟ್ಟರೆ ಎಣ್ಣೆ ಸವರಿಕೊಂಡೇ ಮೇಲೆ ಬಂತು. ಒಳಗಿದ್ದದ್ದು ನೀರು, ಎಣ್ಣೆ ಮೇಲಿನ ಪದರ ಮಾತ್ರ. ಒಂದು ಟ್ಯಾಂಕಿನ ಎಣ್ಣೆ ಪೈಪಿನಲ್ಲಿ ಹರಿದು, ಅಳೆಯುವವರಿಗಿಂತ ಮುಂಚೆ ಇನ್ನೊಂದಕ್ಕೆ ಹೋಗಿ ಕೂತಿರುತ್ತಿತ್ತು. ಆ ಎಣ್ಣೆ ಇದೆಯೆಂದು ಅಮೆರಿಕನ್ ಎಕ್ಸ್‌ಪ್ರೆಸ್ ರಸೀದಿ ಕೊಟ್ಟಿತ್ತು, ಆ ರಸೀದಿಯ ಮೇಲೆ ಸಾಲ ಹುಟ್ಟಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮವರು ಹೇಳಿದ್ದು ಸುಮ್ಮನೆ ಅಲ್ಲ. ಎಣ್ಣೆ ಮಿಲ್ಲುಗಳಲ್ಲಿ ಅಳತೆಕೋಲನ್ನು ತಳ ಮುಟ್ಟಿಸಿ, ತಳದ ಮಾದರಿಯನ್ನೂ ತೆಗೆಸದೆ ನಾನು ಯಾವತ್ತೂ ಕೆಳಗಿಳಿದವನಲ್ಲ.

ಸಾಫ್ಟ್‌ವೇರ್ ಕಂಪನಿಗೆ ಗೋದಾಮೂ ಇಲ್ಲ, ಟ್ಯಾಂಕೂ ಇಲ್ಲ. ಹಾಗಾಗಿ ಹೈದರಾಬಾದಿನ ಸತ್ಯಂನಲ್ಲಿ ಸುಳ್ಳು ಬ್ಯಾಂಕಿಗೇ ಹೋಯಿತು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದ ಪ್ರಕಾರ, ಲೆಕ್ಕದಲ್ಲಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ. ಆ ಗುಂಡಿಯನ್ನು ಮಕ್ಕಳ ಮೇಟಾಸ್ ಕಂಪನಿಗಳ ಆಸ್ತಿಯಿಂದ ತುಂಬಲು ಹೊರಟಾಗ ಷೇರುದಾರರು ತಿರುಗಿಬಿದ್ದರು, ದಾರಿ ಮುಗಿಯಿತು. ಇಲ್ಲಿಯೂ ಆಡಿಟರು ಪ್ರೈಸ್ ವಾಟರ್‌ಹೌಸ್ ಹೆಸರಿನವರೇ. ಬ್ಯಾಂಕುಗಳಿಗೆ ಖಾತ್ರಿಪತ್ರ ಕಳಿಸುವುದನ್ನೂ ಉತ್ತರ ತರಿಸುವುದನ್ನೂ ಅವರು ಕಕ್ಷಿದಾರರ ಕೈಗೇ ಬಿಟ್ಟಿದ್ದರು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕರು 2011ರಲ್ಲಿ ಹೇಳಿ, ಆ ಸಂಸ್ಥೆಗಳಿಗೆ 60 ಲಕ್ಷ ಡಾಲರ್ ದಂಡ ಹಾಕಿದರು. ನೇರವಾಗಿ ಕೇಳಿ ಎಂದು 1939ರಲ್ಲಿ ಕಲಿತ ಪಾಠಕ್ಕೆ ಎಪ್ಪತ್ತು ವರ್ಷವಾಗಿತ್ತು.

ಬ್ಯಾಂಕಿಗೆ ಪತ್ರವನ್ನು ನಾವೇ ಹಾಕುತ್ತೇವೆ, ಉತ್ತರ ನಮ್ಮ ವಿಳಾಸಕ್ಕೇ ಬರಲಿ ಎಂದರೆ ಇಂದಿಗೂ ಕೆಲವರ ಮುಖ ಸಣ್ಣದಾಗುತ್ತದೆ. "ಇಷ್ಟು ವರ್ಷದ ಪರಿಚಯ, ನಂಬಿಕೆ ಇಲ್ಲವೇ ಸಾರ್?" ನಂಬಿಕೆ ಇದೆ. ಆದರೆ ಕಾಸ್ಟರನನ್ನೂ ಎಲ್ಲರೂ ನಂಬಿದ್ದರು. ನಂಬಿಕೆಯಿಲ್ಲದ ಕಡೆ ಇಂಥ ಕೆಲಸ ಆರಂಭವೇ ಆಗುವುದಿಲ್ಲ. ಹತ್ತಿ, ಕಚ್ಚಾ ಔಷಧಿ, ಎಣ್ಣೆ, ಠೇವಣಿ ಎಂದು ಸರಕು ಬದಲಾಗುತ್ತಾ ಬಂದಿದೆ. ಮುಂದಿನವನು ಯಾವುದರಲ್ಲಿ ಕೈಯಾಡಿಸುತ್ತಾನೋ ನಾನು ಹೇಳಲಾರೆ. ಅದು ಇದೆಯೆಂದು ಸಾಧಿಸುವ ಕಾಗದವನ್ನು ಅವನೇ ತಂದುಕೊಡುತ್ತಾನೆ ಎಂಬುದರ ಮೇಲೆ ಮಾತ್ರ ಬೇಕಾದರೆ ಬಾಜಿ ಕಟ್ಟುತ್ತೇನೆ.