ಬಳ್ಳಾರಿಯ ನೆಲದಲ್ಲಿ ಕಡಲಿನ ಚಿಪ್ಪು

ಬಳ್ಳಾರಿಯಿಂದ ಪಡುವಣ ಕಡಲಿಗೂ ಮೂಡಣ ಕಡಲಿಗೂ ನೇರ ಅಳತೆಯಲ್ಲಿ ಸುಮಾರು 300 ಕಿಲೋಮೀಟರು ದೂರ. ಇಂಥ ಒಣನಾಡನ್ನು ಕುರಿತು ಮಾತನಾಡುವಾಗ ಕಡಲ ಚಿಪ್ಪುಗಳ ಪ್ರಸ್ತಾಪವೇಕೆ ಎಂದು ಶ್ರೋತೃಗಳು ಕೇಳಬಹುದು. ಕಾರಣವುಂಟು. ಈ ಸೀಮೆಯ ಗುಡ್ಡಗಳ ಮೇಲೆ ಸಾವಿರಾರು ವರ್ಷಗಳ ಹಿಂದೆ ಬಾಳಿದ ಜನರು ಬಿಟ್ಟುಹೋದ ವಸ್ತುಗಳಲ್ಲಿ ಚಿಪ್ಪಿನ ಒಡವೆಗಳೂ ಸೇರಿವೆ. ಅವರು ಬರೆಹವನ್ನರಿಯದವರು. ಅವರ ಕೊಡುಕೊಳೆಯನ್ನು ಹೇಳಬಲ್ಲ ಸಾಕ್ಷಿಗಳು ಕೆಲವೇ, ಚಿಪ್ಪು ಅವುಗಳಲ್ಲೊಂದು. ಆದರೆ ಅದು ಯಾವ ಪ್ರಾಣಿಯದೆಂದು ಗುರುತಿಸಿದ ಮೇಲೆಯೇ ಆ ಸಾಕ್ಷಿ ಬಾಯಿಬಿಡುವುದು.

ಈ ಪ್ರಾಚೀನ ನೆಲೆಗಳನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟವರಲ್ಲಿ ಮೊದಲಿಗರು ಭೂಗರ್ಭಶಾಸ್ತ್ರಜ್ಞ ರಾಬರ್ಟ್ ಬ್ರೂಸ್ ಫೂಟ್ ಅವರು. 1858ರಲ್ಲಿ ಸರಕಾರದ ಭೂಗರ್ಭ ಪರಿಶೋಧನ ಇಲಾಖೆಯನ್ನು ಸೇರಿದ ಅವರು ಬಳ್ಳಾರಿ ಜಿಲ್ಲೆಯನ್ನು ಸುತ್ತಿ, 1895ರಲ್ಲಿ ಅದರ ಭೂರಚನೆಯ ಗ್ರಂಥವನ್ನು ಪ್ರಕಟಿಸಿದರು. 1904ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಸೇರಿದ ಅವರ ಸಂಗ್ರಹದಲ್ಲಿ ಕಲ್ಲಿನ ಕೊಡಲಿಗಳೊಡನೆ ಶಂಖದ ಬಳೆಯ ತುಂಡುಗಳೂ ಇದ್ದುವು. ಮದರಾಸಿನ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಅವರು 1914ರಲ್ಲಿ ಶಂಖವನ್ನೇ ಕುರಿತು ಒಂದು ಗ್ರಂಥವನ್ನು ಬರೆದರು. ಮುಂದೆ ಬಳ್ಳಾರಿಯ ಮಗ್ಗುಲಿನ ಸಂಗನಕಲ್ಲಿನಲ್ಲಿ ಬಿ. ಸುಬ್ಬರಾವ್ ಅವರೂ, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರೂ ಅಗೆತ ನಡೆಸಿದರು.

ಚಿಪ್ಪು ಸಿಕ್ಕಿತೆಂದ ಮಾತ್ರಕ್ಕೆ ಅದು ಕಡಲಿನದಾಗದು. ಸಿರುಗುಪ್ಪದ ಬಳಿ ಹರಿಯುವ ತುಂಗಭದ್ರೆಯಲ್ಲಿಯೂ ಕಪ್ಪೆಚಿಪ್ಪುಗಳುಂಟು. ಹೊಳೆಯ ಚಿಪ್ಪಿನ ಎರಡು ಹೋಳುಗಳೂ ಒಂದೇ ಸಮ; ಹೊರಗೆ ಕಂದು ಅಥವಾ ಹಸುರು ಛಾಯೆಯ ತೆಳುಸಿಪ್ಪೆ, ಒಳಗೆ ಮುತ್ತಿನ ಹೊಳಪು. ಹೋಳುಗಳು ಕೂಡುವ ಕೀಲಿನ ಬಳಿಯ ಉಬ್ಬು ಅನೇಕ ವೇಳೆ ಸವೆದಿರುತ್ತದೆ. ಅಘನಾಶಿನಿಯಂಥ ನದಿಗಳು ಕಡಲನ್ನು ಸೇರುವ ಅಳಿವೆಗಳಲ್ಲಿ ದೊರೆಯುವ ದಪ್ಪ ಚಿಪ್ಪುಗಳ ಒಳಮೈ ಬಹುಮಟ್ಟಿಗೆ ಪಿಂಗಾಣಿಯಂತೆ, ಮುತ್ತಿನ ಹೊಳಪಿಲ್ಲದೆ ಇರುವುದು. ಬಂಡೆಗೆ ಕಚ್ಚಿಕೊಳ್ಳುವ ಸಿಂಪಿಯಾದರೆ ಒರಟು. ಅದರ ಒಂದು ಹೋಳಿನಂತೆ ಇನ್ನೊಂದಿಲ್ಲ. ಆದರೆ ಹೊಳಪೊಂದನ್ನೇ ನಂಬಲಾಗದು. ಕಡಲಿನ ಮುತ್ತಿನ ಸಿಂಪಿಗೂ ಆ ಹೊಳಪುಂಟು. ಆಕಾರ, ಕೀಲಿನ ಹಲ್ಲುಗಳು, ದಪ್ಪ ಇವೆಲ್ಲವನ್ನೂ ಕೂಡಿಸಿ ನೋಡಬೇಕು.

ಶಂಖದ ಗುರುತು ಇದಕ್ಕಿಂತ ನಿಶ್ಚಿತವಾದುದು. ಪ್ರಾಣಿಶಾಸ್ತ್ರಜ್ಞರು ಟರ್ಬಿನೆಲ್ಲ ಪೈರಮ್ ಎಂದು ಕರೆಯುವ ಈ ಚಿಪ್ಪಿನ ನಡುಗಂಬದ ಮೇಲೆ ಮೂರು ನಾಲ್ಕು ಮಡಿಕೆಗಳು ಎದ್ದು ಕಾಣುವುವು. ಬಳೆಗಾಗಿ ಶಂಖವನ್ನು ಅಡ್ಡಲಾಗಿ ಗರಗಸದಿಂದ ಕೊಯ್ದಾಗ, ಒಳಗಿನ ಗೋಡೆ ಹೊರಸುತ್ತನ್ನು ಸೇರಿದ್ದ ಕಡೆ ಓರೆಯಾದ ಗಾಯದಂಥ ಗುರುತು ಉಳಿಯುತ್ತದೆ. ಎಲುಬಿನ ಬಳೆಯಾದರೆ ಭೂತಗನ್ನಡಿಯಲ್ಲಿ ಸಣ್ಣ ರಂಧ್ರಗಳು ತೋರುವುವು. ಬಲಮುರಿ ಶಂಖದ ಗೊಂದಲವನ್ನೂ ಇಲ್ಲಿಯೇ ಬಿಡಿಸಬಹುದು. ಪ್ರಾಣಿಶಾಸ್ತ್ರಜ್ಞರು ಶಂಖದ ಶಿಖರವನ್ನು ಮೇಲೆ ಮಾಡಿ ಬಾಯನ್ನು ತಮ್ಮೆಡೆಗೆ ತಿರುಗಿಸಿ ಹಿಡಿಯುತ್ತಾರೆ. ಆಗ ಸಾಮಾನ್ಯ ಶಂಖದ ಬಾಯಿ ಬಲಕ್ಕೆ ಬರುತ್ತದೆ. ಶಿಖರವನ್ನು ಕೆಳಗೆ ಮಾಡಿದರೆ ಅದೇ ಬಾಯಿ ಎಡಕ್ಕೆ. ಆದುದರಿಂದ ನಮ್ಮವರು ಬಲಮುರಿಯೆಂದು ಪೂಜಿಸುವ ಅಪೂರ್ವ ಶಂಖ ಅವರ ಲೆಕ್ಕದಲ್ಲಿ ಎಡಮುರಿ.

ಈ ಗುರುತಿನಿಂದ ಇತಿಹಾಸಕ್ಕೇನು ಲಾಭ? ಶಂಖಕ್ಕೆ ಹೆಸರಾದ ನೆಲೆಗಳು ಮನ್ನಾರ್ ಕೊಲ್ಲಿ, ತಮಿಳುನಾಡಿನ ಕರಾವಳಿ, ಸಿಂಹಳ ಮತ್ತು ಕಾಠಿಯಾವಾಡ. ಕಾರವಾರ, ಹೊನ್ನಾವರಗಳ ಕಡಲು ಅದಕ್ಕೆ ಹೆಸರಾದುದಲ್ಲ. ಹಾಗಾದರೆ ನಮ್ಮ ಗುಡ್ಡದ ಮೇಲೆ ಶಂಖದ ತುಂಡೊಂದು ದೊರೆತಾಗ, ಅದು ಹತ್ತಿರದ ಕರಾವಳಿಯಿಂದ ಘಟ್ಟವನ್ನೇರಿ ಬಂದಿತೆಂದು ಸುಲಭವಾಗಿ ಹೇಳಿಬಿಡುವಂತಿಲ್ಲ. ಅದರ ದಾರಿ ಇನ್ನೂ ದೀರ್ಘವಾಗಿರಬೇಕು. ಕವಡೆಯ ಕಥೆಯೂ ಇಂಥದೇ. ಹಳದಿಯ ಮೈ, ಉಬ್ಬುತಗ್ಗಿನ ಅಂಚು ಇದ್ದರೆ ಅದು ಹಣವಾಗಿ ನಡೆದ ಕವಡೆ. ಮಾಲ್ದೀವಿನ ದ್ವೀಪಗಳು ಅದಕ್ಕೆ ಪ್ರಸಿದ್ಧ. ಬೆನ್ನ ಮೇಲೆ ಹೊನ್ನಬಣ್ಣದ ಉಂಗುರವಿದ್ದರೆ ಅದು ಬೇರೊಂದು ಜಾತಿ. ಸೊಂಡೂರಿನ ಲಂಬಾಣಿ ಹೆಂಗಸರ ಕಸೂತಿಯಲ್ಲಿ, ಜೋಗತಿಯರ ಕವಡೆಸರದಲ್ಲಿ, ಮಕ್ಕಳ ಚೌಕಾಬಾರದಲ್ಲಿ ನಾವು ದಿನವೂ ನೋಡುವ ಕವಡೆಗಳೂ ಹೀಗೆ ಕಡಲಿನಿಂದ ಬಂದ ಅತಿಥಿಗಳೇ.

ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನರು ಕರಿಕಲ್ಲಿನ ಕೊಡಲಿಗಳನ್ನು ವಿಶೇಷ ಸಂಖ್ಯೆಯಲ್ಲಿ ತಯಾರಿಸುತ್ತಿದ್ದರು. ಅಷ್ಟು ಕೊಡಲಿಗಳು ಒಂದು ಊರಿಗೆ ಬೇಕಾದುವಲ್ಲ. ಹೊರಗೆ ಹೋದ ಕೊಡಲಿಗೆ ಬದಲಾಗಿ ಕೈಯಿಂದ ಕೈಗೆ ದಾಟುತ್ತ ಚಿಪ್ಪು ಒಳಗೆ ಬಂದಿರಬಹುದೆಂದು ನಾವು ಊಹಿಸುತ್ತೇವೆ. ಇದು ಊಹೆ ಮಾತ್ರ. ಇದನ್ನು ಗಟ್ಟಿಮಾಡಬೇಕಾದರೆ ಪ್ರತಿಯೊಂದು ತುಂಡಿನ ಜಾತಿಯೂ ದೊರೆತ ಸ್ಥಳವೂ ತಿಳಿದಿರಬೇಕು.

ಆ ಸ್ಥಳಗಳೇ ಈಗ ಕರಗುತ್ತಿವೆ. ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳನ್ನು ಕಲ್ಲುಗಣಿಗಳು ಕಡಿದು ತಿಂದಿವೆ. ಗುಡ್ಡ ಹೋದರೆ ಅದರ ಮಡಿಲಿನ ಮಣಿ, ಬಳೆ, ಮಡಕೆ ಎಲ್ಲವೂ ಜಲ್ಲಿಯೊಡನೆ ಹೋದಂತೆಯೇ. ಆದುದರಿಂದ ಕುರುಗೋಡಿನ ಬೆಟ್ಟದ ಬುಡದಲ್ಲಿ ಉಳುವವರಿಗಾಗಲಿ, ತೆಕ್ಕಲಕೋಟೆಯಲ್ಲಿ ಆಡುವ ಮಕ್ಕಳಿಗಾಗಲಿ ಬಿಳಿಯ ಚೂರೊಂದು ಕಂಡರೆ, ಅದನ್ನು ಸುಣ್ಣದ ಕಲ್ಲೆಂದು ಎಸೆಯದಿರಲಿ; ಅಗೆದು ಕೀಳದೆಯೂ ಇರಲಿ. ಯಾವ ಗುಡ್ಡ, ಯಾವ ಮಗ್ಗುಲು ಎಂದು ಗುರುತು ಹಾಕಿಕೊಂಡು, ಬಳ್ಳಾರಿ ನಗರದಲ್ಲಿ ಫೂಟ್ ಅವರ ಹೆಸರಿನಲ್ಲಿರುವ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ಸುದ್ದಿ ಮುಟ್ಟಿಸಿದರೆ ಸಾಕು. ಗುಡ್ಡ ನಿಂತಿರುವಾಗಲೇ ಆಗಬೇಕಾದ ಕೆಲಸವಿದು.