ಚೀಟಿಯ ಭಾಷೆ, ರೋಗಿಯ ಭಾಷೆ

ಔಷಧಿ ಚೀಟಿಯ ಮೇಲ್ಗಡೆ ಬರೆಯುವ 'ಆರ್‌ಎಕ್ಸ್' ಗುರುತು 'ರೆಸಿಪೆ' ಎಂಬ ಲ್ಯಾಟಿನ್ ಪದದ ಸಂಕ್ಷೇಪ. 'ತೆಗೆದುಕೋ' ಎಂದು ಅದರ ಅರ್ಥ. ಈ ಮಾತನ್ನು ಹೇಳಿದ್ದು ರೋಗಿಗಲ್ಲ. ಇಂತಿಂಥ ವಸ್ತು ತೆಗೆದುಕೊಂಡು ಮದ್ದು ಕಲಸು ಎಂದು ಔಷಧಿ ತಯಾರಿಸುವವನಿಗೆ ವೈದ್ಯ ಕೊಟ್ಟ ಅಪ್ಪಣೆ ಅದು. ಇಬ್ಬರು ಬಲ್ಲವರ ನಡುವಿನ ಈ ಪತ್ರಕ್ಕೆ ರೋಗಿ ಬರೀ ಅಂಚೆಯವನಾಗಿದ್ದ.

1649ರಲ್ಲಿ ನಿಕೋಲಸ್ ಕಲ್ಪೆಪರ್ ಲಂಡನ್ನಿನ ವೈದ್ಯರ ಕಾಲೇಜಿನ ಲ್ಯಾಟಿನ್ ಔಷಧಕೋಶವನ್ನು ಜನರಾಡುವ ಇಂಗ್ಲಿಷಿಗೆ ತಂದ. ಕಾಲೇಜಿನವರಿಗೆ ಅದು ಹಿಡಿಸಲಿಲ್ಲ. ದಿನಕ್ಕೆರಡು ಸಲ ಎನ್ನಲು 'ಬಿಡಿ', ಮೂರು ಸಲ ಎನ್ನಲು 'ಟಿಡಿಎಸ್' ಎಂಬ ಲ್ಯಾಟಿನ್ ತುಣುಕುಗಳು ನಮ್ಮ ಚೀಟಿಗಳಲ್ಲಿ ಇಂದಿಗೂ ಉಳಿದಿವೆ.

ಪಾಠವೂ ಹೀಗೆಯೇ ಇತ್ತು. ನಮ್ಮ ಎಂಬಿಬಿಎಸ್ ವಿದ್ಯಾರ್ಥಿಗಳು ಔಷಧಶಾಸ್ತ್ರದ ಪ್ರಾಯೋಗಿಕ ತರಗತಿಯಲ್ಲಿ ಬಹುಕಾಲ ಮಿಕ್ಸ್ಚರ್, ಮುಲಾಮು ತಯಾರಿಸಿದರು; ಕಪ್ಪೆಯ ಮೇಲೆ ಔಷಧದ ಪರಿಣಾಮ ನೋಡಿದರು. ಔಷಧ ದೇಹದಲ್ಲಿ ಏನು ಮಾಡುತ್ತದೆಂದು ಕಲಿತರು. ಅದನ್ನು ನುಂಗುವವರಿಗೆ ಹೇಗೆ ಹೇಳಬೇಕೆಂಬುದು ಪಾಠವಾಗಲಿಲ್ಲ.

ಈ ಕೊರತೆಗೆ ಒಂದು ಕ್ರಮಬದ್ಧ ಉತ್ತರ ಬಂದದ್ದು ನೆದರ್ಲೆಂಡ್ಸಿನ ಗ್ರೋನಿಂಗನ್ನಿನಿಂದ. ಅಲ್ಲಿನ ಬೋಧನೆಯ ಆಧಾರದ ಮೇಲೆ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ವಿದ್ಯಾರ್ಥಿಗಳಿಗೊಂದು ಕೈಪಿಡಿ ತಂದಿತು. ಅದರಲ್ಲಿ ಚಿಕಿತ್ಸೆಗೆ ಆರು ಹಂತ. ಚೀಟಿ ಬರೆಯುವುದು ನಾಲ್ಕನೆಯದು. ಅಲ್ಲಿಗೆ ಕೆಲಸ ಮುಗಿಯದು. ಐದನೆಯದು ರೋಗಿಗೆ ಹೇಳುವುದು: ಔಷಧ ಯಾಕೆ, ಅಡ್ಡಪರಿಣಾಮವೇನು, ಹೇಗೆ ಎಷ್ಟು ದಿನ ತೆಗೆದುಕೊಳ್ಳಬೇಕು, ಎಚ್ಚರಿಕೆಯೇನು, ಮತ್ತೆ ಯಾವಾಗ ಬರಬೇಕು. ಕೊನೆಗೆ, ಮುಖ್ಯ ವಿಷಯವನ್ನು ರೋಗಿಯ ಬಾಯಿಂದಲೇ ಒಮ್ಮೆ ಹೇಳಿಸಬೇಕು. ದೆಹಲಿ, ಕಠ್ಮಂಡು, ಲಾಗೋಸ್ ಸೇರಿ ಏಳು ಊರುಗಳ 219 ವಿದ್ಯಾರ್ಥಿಗಳ ಮೇಲೆ ಈ ಬೋಧನಾಕ್ರಮವನ್ನು ಪರೀಕ್ಷಿಸಿದರು. 1995ರಲ್ಲಿ ಫಲಿತಾಂಶ ಪ್ರಕಟವಾಯಿತು: ಕಲಿತವರು ಪಾಠದಲ್ಲಿಲ್ಲದ ಕಾಯಿಲೆಗಳಲ್ಲೂ ಉತ್ತಮವಾಗಿ ಉತ್ತರಿಸಿದ್ದರು.

ಭಾರತದಲ್ಲಿ 2019ರಿಂದ ಜಾರಿಯಾದ ಹೊಸ ಪಠ್ಯಕ್ರಮ ಓದಲು ಬರುವಂತೆ ಚೀಟಿ ಬರೆಯುವುದನ್ನೂ ಅದನ್ನು ರೋಗಿಗೆ ತಿಳಿಸುವುದನ್ನೂ ಒಂದೇ ಸಾಮರ್ಥ್ಯವೆಂದು ಹೆಸರಿಸಿತು. ಮೊದಲ ತಿಂಗಳ ತಳಪಾಯದ ಕೋರ್ಸಿನಲ್ಲಿ ಸ್ಥಳೀಯ ಭಾಷೆಯ ಕಲಿಕೆಗೂ ಜಾಗವಿಟ್ಟಿತು.

ಹೊರನಾಡಿನಲ್ಲಿರುವ ನಮಗೆ ಇದರ ಬೆಲೆ ಗೊತ್ತು. ಊರಿಂದ ಬಂದ ಅಮ್ಮನನ್ನು ಪುಣೆಯಲ್ಲೋ ದೆಹಲಿಯಲ್ಲೋ ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರು ಮಾತಾಡುವುದು ಮಗನೊಡನೆ. ಮಾತ್ರೆ ನುಂಗುವವಳು ಅಮ್ಮ. ಅವಳು ಮತ್ತೆ ಬರೀ ಅಂಚೆಯವಳಾಗುತ್ತಾಳೆ. ಡಾಕ್ಟರಿಗೆ ಕನ್ನಡ ಬಾರದಿದ್ದರೂ ಐದನೆಯ ಹಂತ ಅಲ್ಲಿ ನಡೆಯಬಹುದು. "ಅಮ್ಮ, ಯಾವ ಮಾತ್ರೆ, ಯಾವಾಗ, ನೀನೇ ಹೇಳು ನೋಡೋಣ" ಎಂದು ಡಾಕ್ಟರ ಎದುರಿಗೇ ಕೇಳಿ, ತಪ್ಪಿದ್ದರೆ ಅಲ್ಲೇ ತಿದ್ದಿಕೊಂಡು ಹೊರಬಂದರಾಯಿತು.