ಹಾಡಿನ ಪಟ್ಟಿ

ಮದುವೆ, ಮುಂಜಿ, ಹಬ್ಬಗಳಲ್ಲಿ ಹೇಳುವ ಹಾಡುಗಳನ್ನು ಕೈಯಾರೆ ಬರೆದಿಟ್ಟುಕೊಂಡ ನೋಟುಬುಕ್ಕು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಹವ್ಯಕ ಮನೆಗಳಲ್ಲಿ, ತ್ಯಾಗಲಿಯಂಥ ಅಡಿಕೆ ತೋಟದ ಊರುಗಳಲ್ಲಿ, ಇದನ್ನು ಬರೆದು ಕಾಪಾಡಿದವರು ಹೆಚ್ಚಾಗಿ ಹೆಂಗಸರೇ.

ಹಿಂದೆ ಬರಹಕ್ಕಿಳಿದ ಹಾಡುಗಳೆಂದರೆ ಮುಖ್ಯವಾಗಿ ದಾಸರ ಪದ, ಯಕ್ಷಗಾನ ಪ್ರಸಂಗ. ತಾಳೆಗರಿಯಲ್ಲಿದ್ದ ದಾಸರ ಪದಗಳನ್ನು ಜರ್ಮನ್ ಮಿಶನರಿ ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ. ಆದರೆ ಹಸೆಗೆ ಕರೆಯುವ ಹಾಡು, ಅರಿಶಿನ ಎಣ್ಣೆಯ ಹಾಡು, ತೊಟ್ಟಿಲ ಹಾಡು, ಹೆಣ್ಣೊಪ್ಪಿಸುವ ಹಾಡು, ಬೀಗರನ್ನು ಕೆಣಕುವ ಹಾಡು ಇವೆಲ್ಲ ಬಾಯಿಂದ ಬಾಯಿಗೆ ಸಾಗುತ್ತಿದ್ದವು. ಹೆಣ್ಣುಮಕ್ಕಳು ಶಾಲೆ ಕಲಿತ ಮೇಲೆ ಅಮ್ಮ, ಅಜ್ಜಿ, ಅತ್ತೆ ಹೇಳಿದ್ದನ್ನು ಬರೆದುಕೊಳ್ಳತೊಡಗಿದರು.

ಒಂದು ಪುಟ ತೆರೆದರೆ ತಲೆಯ ಮೇಲೆ ಸಂದರ್ಭ, ಅದರ ಕೆಳಗೆ ಧಾಟಿ. ರಾಗದ ಹೆಸರಿಗಿಂತ, ಎಲ್ಲರಿಗೂ ಬರುವ ಇನ್ನೊಂದು ಹಾಡಿನ ಮೊದಲ ಮಾತೇ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕೆಲವೊಮ್ಮೆ ಅದು ಸಿನಿಮಾ ಹಾಡು. ಪಲ್ಲವಿಯನ್ನು ಮತ್ತೆ ಮತ್ತೆ ಬರೆಯದೆ ಒಂದು ‘ಪ’ ಹಾಕಿ ಮುಗಿಸಿರುತ್ತಾರೆ. ಸ್ವರಲಿಪಿ ಇಲ್ಲ. ಆ ಧಾಟಿ ಗೊತ್ತಿದ್ದವರಿಗೆ ಮಾತ್ರ ಹಾಡು ದಕ್ಕುತ್ತದೆ.

ಇಂಗ್ಲೆಂಡಿನಲ್ಲೂ ಮೆಚ್ಚಿದ ಪದ್ಯ, ಮಾತುಗಳನ್ನು ನಕಲು ಮಾಡಿಡುವ ರೂಢಿ ಬಲವಾಗಿತ್ತು. ಅಂಥ ಪುಸ್ತಕಕ್ಕೆ ಸೂಚಿ ಕಟ್ಟುವ ಕ್ರಮವನ್ನು ತತ್ತ್ವಜ್ಞಾನಿ ಜಾನ್ ಲಾಕ್ ಬರೆದಿದ್ದ. ಅದರ ಇಂಗ್ಲಿಷ್ ರೂಪ 1706ರಲ್ಲಿ ಬಂತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೈರನ್, ಸ್ಕಾಟ್ ಅವರ ಪದ್ಯಗಳು ಅಲ್ಲಿನ ಮನೆಮನೆಯ ಪುಸ್ತಕಗಳಿಗೆ ಇಳಿದವು. ಅಲ್ಲಿ ಆಯ್ಕೆ ಓದುಗರ ರುಚಿಯದು. ಇಲ್ಲಿ ಶಾಸ್ತ್ರದ ಯಾವ ಹೊತ್ತಿಗೆ ಯಾವ ಹಾಡು ಬೇಕೆಂಬುದೇ ಮೊದಲು.

ಎರಡೂ ಲೋಕಗಳನ್ನು ಬೆಸೆದ ಹಾಡೂ ಒಂದಿದೆ. ಇಂಗ್ಲೆಂಡಿನ ಪಾದ್ರಿ ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಸಮುದ್ರಯಾನದ ನಡುವೆ ಬರೆದ ಪ್ರಾರ್ಥನೆಯನ್ನು ಬಿ. ಎಂ. ಶ್ರೀಕಂಠಯ್ಯ ‘ಕರುಣಾಳು ಬಾ ಬೆಳಕೆ’ ಎಂದು ಕನ್ನಡಕ್ಕೆ ತಂದರು. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಹೊರಬಂತು. ಈ ಪದ್ಯ ಶಾಲೆಗಳ ಪ್ರಾರ್ಥನೆಯಾಯಿತು. ಅದನ್ನು ಶಾಲೆಯಲ್ಲಿ ಕಲಿತ ಹುಡುಗಿ ತನ್ನ ಪಟ್ಟಿಯಲ್ಲಿ ಆರತಿ ಹಾಡಿನ ಪಕ್ಕದಲ್ಲೇ ಬರೆದುಕೊಂಡರೆ ಅಚ್ಚರಿಯೇನಿಲ್ಲ.

ಕುಮಟಾದ ಎಲ್. ಆರ್. ಹೆಗಡೆಯವರಂಥ ವಿದ್ವಾಂಸರು ಉತ್ತರ ಕನ್ನಡ ಜಿಲ್ಲೆಯ ಜನಪದ ಹಾಡುಗಳನ್ನು ಕಲೆಹಾಕಿ ಪುಸ್ತಕ ಮಾಡಿದ್ದು ದೊಡ್ಡ ಉಪಕಾರ. ಆದರೂ ಪಟ್ಟಿಗಳನ್ನು ಪಟ್ಟಿಗಳಾಗಿಯೇ ಉಳಿಸಿಕೊಳ್ಳಬೇಕಾದದ್ದು ಅಷ್ಟೇ ಮುಖ್ಯ. ಯಾವ ಹಾಡಿನ ನಂತರ ಯಾವುದು, ತವರಿನಿಂದ ಬಂದದ್ದು ಯಾವುದು, ಗಂಡನ ಮನೆಯಲ್ಲಿ ಸೇರಿದ್ದು ಯಾವುದು ಎಂಬುದು ಅಚ್ಚಿನ ಸಂಗ್ರಹದಲ್ಲಿ ಕಾಣುವುದಿಲ್ಲ. ಈಗ ಜೆರಾಕ್ಸ್ ಪ್ರತಿ, ವಾಟ್ಸಾಪಿಗೆ ಕಳಿಸಿದ ಫೋಟೊ ಬಂದಿವೆ. ಮೊಬೈಲಿನಲ್ಲಿ ಹಾಡನ್ನೇ ಹಿಡಿದಿಟ್ಟುಕೊಂಡರೆ, ಪುಟದಲ್ಲಿ ಬರೀ ಹೆಸರಾಗಿದ್ದ ಧಾಟಿಯೂ ಜೊತೆಗೆ ಸಿಗುತ್ತದೆ.